ಖಾಲಿ ಬಸ್ಸು ಮತ್ತು ಮೊದಲ ತುತ್ತು

ಶಿಸ್ತಿನ ಮನುಷ್ಯನಿಗಿರುವ ದೊಡ್ಡ ತೊಂದರೆಯೆಂದರೆ ಅವನ ಮಾತನ್ನು ಎಲ್ಲರೂ ನಂಬಿಬಿಡುತ್ತಾರೆ. ಎಲ್ಲರಿಗಿಂತ ಮೊದಲು ಅವನೇ ನಂಬುತ್ತಾನೆ. ಹೊತ್ತುಗೊತ್ತಿಲ್ಲದವನು ‘ಇಗೋ ಬಂದೆ’ ಎಂದರೆ ಮನೆಯವರು ಅನ್ನದ ಪಾತ್ರೆ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ನಾನು ಹಾಗೆಂದರೆ ತಟ್ಟೆ ಹಾಕಿ ನೀರಿಡುತ್ತಾರೆ. ಈ ನಂಬಿಕೆಯನ್ನು ನಾನು ಒಂದೇ ದಿನದಲ್ಲಿ ಗಳಿಸಿದ್ದಲ್ಲ. ಹುಡುಗನಾಗಿದ್ದಾಗ ಕೊಟ್ಟೂರಿನ ಹಾಸ್ಟೆಲಿನಲ್ಲಿ ಬೆಳಗಿನ ಜಾವದ ಗಂಟೆ ಬಾರಿಸಿದ ಮೇಲೂ ಹಾಸಿಗೆಯಲ್ಲಿ ಸಿಕ್ಕವರ ಮೇಲೆ ವಾರ್ಡನ್ನರು ಒಂದು ಕೊಡ ತಣ್ಣೀರು ಸುರಿಯುತ್ತಿದ್ದರು. ನನ್ನ ಮೇಲೆ ಅದು ಬಿದ್ದದ್ದು ಒಂದೇ ಸಲ. ಅಂದಿನಿಂದ ಇಂದಿನವರೆಗೆ ಗಂಟೆಗಿಂತ ಮುಂಚೆ ನಾನು ಏಳುತ್ತೇನೆ, ಗಂಟೆ ಬಾರಿಸುವವರು ಯಾರೂ ಇಲ್ಲದಿದ್ದರೂ.

ಮುಂದೆ ನನಗೆ ಸಿಕ್ಕ ನೌಕರಿಯೂ ಅಂಥದೇ. ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್ ಆಗಿದ್ದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ನಾಲ್ಕು ಊರಿಗೆ ಹೋಗುವ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ನನ್ನ ಕೆಲಸ. ಹೊತ್ತಾದರೆ ನಾನು ಸೀಟಿ ಊದುತ್ತಿದ್ದೆ, ಬಸ್ಸು ಹೊರಡುತ್ತಿತ್ತು. ಒಳಗೆ ಜನ ಇದ್ದಾರೋ ಇಲ್ಲವೋ ಎಂಬುದು ನನಗೆ ಸಂಬಂಧಪಡದ ವಿಷಯ. ‘ಸಾಹೇಬ್ರ, ಒಬ್ರೂ ಹತ್ತಿಲ್ರಿ, ಬರೇ ಸೀಟುಗಳನ್ನ ಕುಂದ್ರಿಸ್ಕೊಂಡು ಹೋಗ್ಲೇನ್ರಿ?’ ಎಂದು ಕಂಡಕ್ಟರುಗಳು ಗೊಣಗುತ್ತಿದ್ದರು. ಅವರಿಗೆ ನನ್ನದು ಒಂದೇ ಉತ್ತರ: ‘ಇಲ್ಲಿಂದ ಖಾಲಿ ಹೋಗ್ಲಿಲ್ಲಂದ್ರ ಅಲ್ಲಿಂದ ತುಂಬಿಕೊಂಡು ಬರೋದು ಯಾರಪ್ಪಾ?’ ಹಡಗಲಿಯಲ್ಲಿ ಮಲ್ಲಿಗೆಯ ಪುಟ್ಟಿ ಇಟ್ಟುಕೊಂಡು ನಿಂತವರಿಗೆ ಕೂಡ್ಲಿಗಿಯಿಂದ ಖಾಲಿ ಬಂದ ಬಸ್ಸೇ ದೇವರು. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ಕೊನೆಗೆ ಕಂಡಕ್ಟರುಗಳು ನಾನು ಬಾಯಿ ತೆರೆಯುವ ಮೊದಲೇ ಒಕ್ಕೊರಲಿನಿಂದ ಅದನ್ನು ಒಪ್ಪಿಸಿ ಬಸ್ಸು ಹತ್ತುತ್ತಿದ್ದರು.

ನಿವೃತ್ತನಾದ ಮೇಲೆ ನನ್ನ ಬಳಿ ಬಸ್ಸುಗಳಿಲ್ಲ, ಆದರೆ ವೇಳಾಪಟ್ಟಿ ಉಳಿದಿದೆ. ಬೆಳಗಿನ ಜಾವ ಏಳುವುದು, ಸ್ನಾನ, ಹಣೆಗೆ ಭಂಡಾರದ ಅರಿಶಿನ, ಗೋಡೆ ಗಡಿಯಾರಕ್ಕೆ ಕೀಲಿ, ಹಿತ್ತಾಳೆ ಲೋಟದ ಹಾಲು, ಅಂಗಳದಲ್ಲಿ ಕುರ್ಚಿ, ಪೇಪರು. ಇದರಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವಂತಿಲ್ಲ. ನನ್ನ ಹೆಂಡತಿ ಹನುಮಕ್ಕನದು ಇದಕ್ಕೆ ತದ್ವಿರುದ್ಧ ಪಂಥ. ಅವಳು ಬಿಸಿಲು ಹಾಸಿಗೆಗೆ ಬಂದಾಗ ಏಳುತ್ತಾಳೆ, ಹಸಿವಾದಾಗ ಉಣ್ಣುತ್ತಾಳೆ, ನಿದ್ದೆ ಬಂದಾಗ ಮಲಗುತ್ತಾಳೆ. ಇಂಥ ಮನುಷ್ಯರು ಆರೋಗ್ಯವಾಗಿರುವುದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ತೊಂದರೆ ಶುರುವಾದದ್ದು ತೆಲಿಗಿಯಿಂದ. ಹರಪನಹಳ್ಳಿ ತಾಲ್ಲೂಕಿನ ಆ ಊರಿಗೆ ನನ್ನ ತಂಗಿ ದುರುಗಮ್ಮನನ್ನು ಕೊಟ್ಟಿದ್ದೇವೆ. ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಮನೆದೇವರಿಗೆ ಮರಿ ಮಾಡುತ್ತಾರೆ. ಎಂದರೆ ಒಂದು ಕೊಬ್ಬಿದ ಟಗರಿನ ಊಟ. ಆ ಊಟಕ್ಕೆ ಒಂದು ಪದ್ಧತಿಯಿದೆ. ಮನೆಯ ಸೊಸೆಯ ತವರಿನ ಹಿರಿಯ ಬಂದು ಎಲೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಡುವವರೆಗೆ ಬೇರೆ ಯಾರೂ ಉಣ್ಣುವಂತಿಲ್ಲ. ಆ ಮೊದಲ ಎಲೆಗೆ ಟಗರಿನ ಕಲೇಜಿ ಅಂದರೆ ಯಕೃತ್ತಿನ ತುಂಡು, ಮಜ್ಜೆ ತುಂಬಿದ ಒಂದು ನಲ್ಲಿ ಮೂಳೆ, ಬಿಸಿ ರೊಟ್ಟಿ ಬೀಳಲೇಬೇಕು. ಅಪ್ಪ ತೀರಿಕೊಂಡ ಮೇಲೆ ಆ ಎಲೆ ನನ್ನದು. ಒಂದು ಊರಿನ ಹಸಿವು ನಿಮ್ಮ ಕೈಯನ್ನೇ ನೋಡುತ್ತ ಕೂತಿರುವ ಆ ಗಳಿಗೆಯ ಸುಖವನ್ನು ನಾನು ಹೇಗೆ ವಿವರಿಸಲಿ? ಸೀಟಿ ಊದುವ ಮುಂಚೆ ಇಡೀ ನಿಲ್ದಾಣ ನನ್ನ ಬಾಯಿ ನೋಡುತ್ತಿತ್ತಲ್ಲ, ಥೇಟ್ ಹಾಗೆ. ಹಿರಿಯನಿಗೆ ಆಗದಿದ್ದರೆ ಎಲೆ ಎರಡನೆಯವನಿಗೆ ಹೋಗುತ್ತದೆ. ನಮ್ಮಲ್ಲಿ ಎರಡನೆಯವನು ನನ್ನ ತಮ್ಮ ಬೀರಪ್ಪ.

ಬೀರಪ್ಪ ಕಾನಹೊಸಹಳ್ಳಿಯ ಹತ್ತಿರ ಕುರಿ ಸಾಕಿಕೊಂಡಿದ್ದಾನೆ. ಹಗಲೆಲ್ಲ ಹಿಂಡಿನ ಹಿಂದೆ ನಡೆಯುವುದು ಅವನ ಕೆಲಸ. ಕೈಗೆ ಗಡಿಯಾರ ಕಟ್ಟುವುದಿಲ್ಲ. ‘ಕುರಿಗೆ ಟೈಮ್ ಹೇಳಿ ಏನ್ ಮಾಡ್ಲಿ?’ ಎನ್ನುತ್ತಾನೆ. ತನ್ನ ಮದುವೆಯ ಅಕ್ಕಿಕಾಳಿನ ಹೊತ್ತಿಗೂ ತಡವಾಗಿ ಬಂದ ಪುಣ್ಯಾತ್ಮ ಅವನು. ಅಂಥವನ ಮುಂದೆ ಮೊದಲ ಎಲೆ ಬೀಳುವುದನ್ನು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಈ ಸಲ ಮರಿಯ ದಿನ ಗೊತ್ತಾದಾಗಲೇ ಹನುಮಕ್ಕ ತಕರಾರು ತೆಗೆದಳು. ಮಾಳಿಗೆಯ ಮೆಟ್ಟಿಲು ಹತ್ತಿದರೆ ನಾನು ಏದುಸಿರು ಬಿಡುತ್ತೇನಂತೆ. ‘ನೋಡ್ರಿ, ಬಸ್ಸಿಗೆ ವರ್ಷ ವರ್ಷ ಎಫ್‌ಸಿ ಮಾಡಿಸ್ತಿದ್ರಿ ಹೌದಲ್ಲೋ? ನೀವ್ಯಾವ ಸೀಮಿ ಗಾಡಿ? ಮೊದ್ಲು ರಕ್ತ ಪರೀಕ್ಷಾ ಮಾಡಿಸ್ರಿ, ಆಮ್ಯಾಲೆ ತಂಗಿ ಮನಿ ಕಲೇಜಿ’ ಎಂದಳು. ನನಗೂ ಅದು ನ್ಯಾಯವೆನ್ನಿಸಿತು. ಕ್ಷಮತೆಯ ಪ್ರಮಾಣಪತ್ರವಿಲ್ಲದ ಗಾಡಿಯನ್ನು ನಾನು ಎಂದೂ ರಸ್ತೆಗೆ ಬಿಟ್ಟವನಲ್ಲ. ಅದೇ ದಿನ ಬೀರಪ್ಪ ಕುರಿಗಳ ಜಂತುಹುಳದ ಔಷಧಿಗೆಂದು ಕೂಡ್ಲಿಗಿಗೆ ಬಂದಿದ್ದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಹನುಮಕ್ಕ ಅವನನ್ನೂ ಹಿಡಿದು ಕಳಿಸಿದಳು. ‘ಅತ್ತಿಗಿ, ನನ್ನ ರಕ್ತದಾಗ ಏನೈತಿ? ಧೂಳು ಐತಿ’ ಎನ್ನುತ್ತಲೇ ಅವನು ನನ್ನ ಹಿಂದೆ ಬಂದ.

ರಕ್ತ ತೆಗೆಯುವವನು ನನ್ನ ತೋಳಿಗೆ ಪಟ್ಟಿ ಕಟ್ಟುತ್ತ ಕೇಳಿದ: ‘ಏನಾರ ತಿಂದೀರೇನ್ರಿ?’

‘ಇಲ್ಲ’ ಎಂದೆ. ನಾನು ತಿಂಡಿ ತಿನ್ನುವ ಹೊತ್ತು ಇನ್ನೂ ಆಗಿರಲಿಲ್ಲ. ಆಗದ ಹೊತ್ತಿಗೆ ತಿನ್ನುವವನು ನಾನಲ್ಲ.

ಸಂಜೆ ವರದಿಗೆ ಹೋದಾಗ ಡಾಕ್ಟರಮ್ಮ ಎರಡು ಗಾಜಿನ ಕೊಳವೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಹಡಗಲಿ ಕಡೆಯ ಹುಡುಗಿ. ಕಾಲೇಜಿಗೆ ಹೋಗುವಾಗ ನಮ್ಮ ನಿಲ್ದಾಣದಲ್ಲೇ ಬಸ್ಸು ಬದಲಿಸುತ್ತಿದ್ದಳಂತೆ, ನನ್ನ ಗುರುತು ಚೆನ್ನಾಗಿತ್ತು. ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೀರಪ್ಪನ ಕೊಳವೆಯಲ್ಲಿ ಆ ತಿಳಿ ಒಣಹುಲ್ಲಿನ ಬಣ್ಣಕ್ಕೆ, ಆಚೆ ಹಿಡಿದ ಬೆರಳು ಕಾಣುವಂತೆ ಸ್ವಚ್ಛವಾಗಿತ್ತು. ನನ್ನದರಲ್ಲಿ ಮಜ್ಜಿಗೆ ನಿಂತಿತ್ತು.

‘ಯಣ್ಣ, ಒಗ್ಗರಣಿ ಕೊಟ್ರ ಅನ್ನಕ್ಕ ಕಲಸಬಹುದು’ ಎಂದ ಬೀರಪ್ಪ.

‘ಬಾಯಿ ಮುಚ್ಚಲೇ.’

ಡಾಕ್ಟರಮ್ಮ ನನ್ನನ್ನೇ ನೋಡಿದರು. ‘ಕಂಟ್ರೋಲರ್ ಸಾಹೇಬ್ರ, ಖಾಲಿ ಹೊಟ್ಟಿಲೇ ಬಂದಿದ್ರಿ ಹೌದಲ್ರಿ?’ ಹೌದೆಂದೆ. ‘ಬೇರೆಯವ್ರಾಗಿದ್ರ ನಂಬ್ತಿರಲಿಲ್ಲ. ನೀವು ಅಂದಮ್ಯಾಲೆ ಮುಗೀತು’ ಎಂದು ನಿಟ್ಟುಸಿರು ಬಿಟ್ಟು, ವರದಿಯ ಮೇಲೆ ಅಲ್ಲಲ್ಲಿ ಕೆಂಪು ಗೆರೆ ಎಳೆದರು. ‘ಹಾಗಂದ್ರ ನಿಮ್ಮೊಳಗ ಟ್ರಾಫಿಕ್ ಜಾಮ್ ಆಗೈತ್ರಿ. ನಿಮ್ಮ ಭಾಷಾದಾಗ ಹೇಳ್ತೀನಿ ಕೇಳ್ರಿ.’

ಅವರು ಹೇಳಿದ್ದನ್ನು ನಾನು ನನ್ನ ಜೀವಮಾನದಲ್ಲಿ ಯಾವ ಪಾಠವನ್ನೂ ಕೇಳದಷ್ಟು ಶ್ರದ್ಧೆಯಿಂದ ಕೇಳಿದೆ. ರಕ್ತವೆಂದರೆ ಬಹುಪಾಲು ನೀರೇ. ಕೊಬ್ಬು ನೀರಿನಲ್ಲಿ ಕರಗುವ ಜಾತಿಯದಲ್ಲ, ಸಾರಿನ ಮೇಲೆ ಎಣ್ಣೆ ತೇಲುವಂತೆ ತೇಲುತ್ತದೆ. ಕೊಲೆಸ್ಟ್ರಾಲ್ ಅದರ ಸೋದರಸಂಬಂಧಿ; ಅದಕ್ಕೂ ನೀರೆಂದರೆ ಆಗದು. ಆದರೆ ಇವೆರಡೂ ಮೈಯ ಮೂಲೆ ಮೂಲೆಗೂ ಹೋಗಲೇಬೇಕು.

‘ಹಾಗಾದ್ರ ಹ್ಯಾಂಗ ಹೋಗ್ಬೇಕ್ರಿ?’ ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು.

‘ಬಸ್ಸಿನಾಗ’ ಎಂದೆ. ನನಗೆ ಬೇರೆ ಉತ್ತರ ಗೊತ್ತಿರಲಿಲ್ಲ.

‘ಕರೆಕ್ಟ್! ಆ ಬಸ್ಸಿಗೆ ಲಿಪೊಪ್ರೋಟೀನ್ ಅಂತಾರ. ಒಳಗ ಕೊಬ್ಬು, ಕೊಲೆಸ್ಟ್ರಾಲು ಕುಂತಿರ್ತಾವ. ಹೊರಗಿನ ಹೊದಿಕಿಗೆ ನೀರಿನ ಕೂಡ ಜಗಳ ಇಲ್ಲ. ಆ ಹೊದಿಕಿ ಮ್ಯಾಲಿನ ಪ್ರೋಟೀನು ಬೋರ್ಡ್ ಇದ್ದಂಗ. ಯಾವ ಬಸ್ಸಿಗೆ ಯಾವ ಊರಿನವ್ರು ಕೈ ಮಾಡಬೇಕು ಅಂತ ಅದನ್ನ ನೋಡೇ ಗೊತ್ತಾಗೋದು.’

ಬಸ್ಸುಗಳಲ್ಲಿ ನಮ್ಮಲ್ಲಿರುವಂತೆಯೇ ತರಾವರಿ ನಮೂನೆಗಳು. ಉಂಡ ಕೂಡಲೇ ಕರುಳಿನಿಂದ ಹೊರಡುವುದು ಕೈಲೋಮೈಕ್ರಾನ್ ಎಂಬ ದೊಡ್ಡ ಗಾಡಿ, ಸಂತೆಯ ದಿನದ ಟೆಂಪೋದಂತೆ ಕಿಕ್ಕಿರಿದು ತುಂಬಿದ್ದು. ಅದು ನೇರವಾಗಿ ಹೆದ್ದಾರಿಗೆ ನುಗ್ಗುವುದಿಲ್ಲ. ಪಕ್ಕದ ಬೈಪಾಸಿನಲ್ಲಿ ಸಾಗಿ ಕತ್ತಿನ ಬುಡದಲ್ಲಿ ರಕ್ತದ ರಸ್ತೆಗೆ ಸೇರುತ್ತದೆ. ಸ್ನಾಯುಗಳಿಗೆ, ಕೊಬ್ಬಿನ ಕಣಜಗಳಿಗೆ ಸರಕು ಇಳಿಸುತ್ತ ಹೋಗಿ, ಉಳಿದ ಚೂರುಪಾರಿನೊಂದಿಗೆ ಯಕೃತ್ತಿಗೆ ಬಂದು ನಿಲ್ಲುತ್ತದೆ. ಯಕೃತ್ತೇ ಡಿಪೋ. ಅಲ್ಲಿಂದ ಇನ್ನೊಂದು ಬಗೆಯ ಬಸ್ಸು ಕೊಬ್ಬು ತುಂಬಿಕೊಂಡು ಹೊರಡುತ್ತದೆ. ದಾರಿಯಲ್ಲಿ ಕೊಬ್ಬು ಇಳಿದಿಳಿದು ಕಡೆಗೆ ಒಳಗೆ ಕೊಲೆಸ್ಟ್ರಾಲೇ ಹೆಚ್ಚಾಗಿ ಉಳಿದಾಗ ಅದರ ಹೆಸರು ಎಲ್‌ಡಿಎಲ್. ಜನ ಇದನ್ನೇ ಕೆಟ್ಟ ಕೊಲೆಸ್ಟ್ರಾಲ್ ಎಂದು ಬಯ್ಯುತ್ತಾರೆ.

ಇಲ್ಲಿ ನಾನು ತಡೆದೆ. ಹೊತ್ತಿಗೆ ಹೊರಟು ಸರಕು ಮುಟ್ಟಿಸುವ ಬಸ್ಸಿಗೆ ಕೆಟ್ಟದ್ದು ಎನ್ನುವುದನ್ನು ನಾನು ಕೇಳಿಕೊಂಡು ಕೂರಲಾರೆ. ಡಾಕ್ಟರಮ್ಮನೂ ಒಪ್ಪಿದರು. ಮೈಯ ಒಂದೊಂದು ಕಣದ ಗೋಡೆಗೂ ಕೊಲೆಸ್ಟ್ರಾಲು ಬೇಕಂತೆ, ಪಿತ್ತರಸಕ್ಕೂ ಬೇಕಂತೆ. ತಪ್ಪು ಬಸ್ಸಿನದಲ್ಲ, ಅತಿಯಾದ ಬಸ್ಸುಗಳದು. ಎಲ್ಲ ಊರಿನವರೂ ಸಾಕೆಂದು ಬಾಗಿಲು ಹಾಕಿಕೊಂಡ ಮೇಲೂ ಬರುತ್ತಲೇ ಇದ್ದರೆ ಅವು ರಸ್ತೆಯಲ್ಲೇ ಸುತ್ತುತ್ತವೆ, ಅಂಚಿಗೆ ಒರಗುತ್ತವೆ, ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಕೆಟ್ಟು ನಿಲ್ಲುತ್ತವೆ. ದಾರಿ ಕಿರಿದಾಗುತ್ತ ಬರುತ್ತದೆ.

‘ಹಂಗಾದ್ರ ಹೆಚ್ಚಾದದ್ದನ್ನ ವಾಪಸ್ ತರೋರು ಯಾರು?’ ಎಂದು ಕೇಳಿದೆ. ಕೇಳುವಾಗಲೇ ನನ್ನ ಧ್ವನಿ ನನಗೇ ಪರಿಚಿತವೆನ್ನಿಸಿತು.

‘ಅದನ್ನ ನೀವೇ ದಿನಾ ಹೇಳ್ತಿದ್ರಲ್ರಿ! ಇಲ್ಲಿಂದ ಖಾಲಿ ಹೋಗ್ಲಿಲ್ಲಂದ್ರ ಅಲ್ಲಿಂದ ತುಂಬಿಕೊಂಡು ಬರೋದು ಯಾರು ಅಂತ. ಎಚ್‌ಡಿಎಲ್ ಅಂತ ಒಂದೈತ್ರಿ. ಸಣ್ಣ ಗಾಡಿ. ಹೆಚ್ಚುಕಮ್ಮಿ ಖಾಲೀನೇ ಹೊರಡ್ತೈತಿ. ಊರೂರು ತಿರುಗಿ ಹೆಚ್ಚಾದ ಕೊಲೆಸ್ಟ್ರಾಲು ಎತ್ತಿಕೊಂಡು ಡಿಪೋಕ್ಕ ತಂದು ಹಾಕ್ತೈತಿ. ಅಲ್ಲಿಂದ ಅದು ಪಿತ್ತರಸದಾಗ ಸೇರಿ ಹೊರಗ ಹೋಗ್ತೈತಿ. ನಿಮ್ಮೊಳಗ ಹೋಗೋ ಬಸ್ಸು ಬಾಳ ಅದಾವ, ಬರೋ ಬಸ್ಸು ಕಮ್ಮಿ ಅದಾವ.’

ನನ್ನ ಸೇವಾವಧಿಯಲ್ಲಿ ಯಾವ ಮೇಲಧಿಕಾರಿಯೂ ನನಗೆ ಇಂಥ ಮಾತು ಹೇಳಿರಲಿಲ್ಲ. ಜೀವನವಿಡೀ ಖಾಲಿ ಬಸ್ಸಿನ ಪರ ವಾದಿಸಿದವನ ಮೈಯೊಳಗೇ ಖಾಲಿ ಬಸ್ಸಿನ ಬರ! ಬೀರಪ್ಪನ ವರದಿಯಲ್ಲಿ ಮಾತ್ರ ಎಚ್‌ಡಿಎಲ್ ಭರ್ಜರಿಯಾಗಿತ್ತು. ಕುರಿಯ ಹಿಂದೆ ನಡೆಯುವುದು ಅದಕ್ಕೊಂದು ಕಾರಣವಿರಬಹುದು, ಆದರೆ ಮೈಯಿಂದ ಮೈಗೆ ವ್ಯತ್ಯಾಸವಿರುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ನಾನು ಕುರ್ಚಿಯ ಮೇಲೆ ಕೂತು ಬಸ್ಸುಗಳನ್ನು ಓಡಿಸಿದೆ, ಅವನು ಓಡಾಡಿದ. ವ್ಯತ್ಯಾಸ ಅಷ್ಟೇ.

‘ಮರಿ ಊಟ ಮಾಡಬಹುದೇನ್ರಿ?’

‘ಈ ಮಜ್ಜಿಗಿ ಇಟ್ಕೊಂಡು? ತುತ್ತು ಸಹಿತ ಮುಟ್ಟಂಗಿಲ್ಲ. ಪಥ್ಯ ಮಾಡ್ರಿ. ಊಟದ ಮೊದಲು ಇನ್ನೊಮ್ಮೆ ಪರೀಕ್ಷಾ ಮಾಡೋಣು.’

ಆಚೆ ಬಂದ ಕೂಡಲೇ ಬೀರಪ್ಪ ಬಹಳ ಗಂಭೀರವಾಗಿ ಕೇಳಿದ: ‘ಯಣ್ಣ, ಮೊದಲ ಎಲಿ ಮುಂದ ಕುಂದ್ರುವಾಗ ಎಡಗಾಲು ಮ್ಯಾಲ ಇರಬೇಕೋ, ಬಲಗಾಲು ಮ್ಯಾಲ ಇರಬೇಕೋ? ಈಗಿಂದಾನ ರೂಢಿ ಮಾಡ್ಕೋತೀನಿ.’

ಅವನಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗದು.

ಅಂದಿನಿಂದ ನಮ್ಮ ಮನೆಯಲ್ಲಿ ತುರ್ತುಪರಿಸ್ಥಿತಿ ಜಾರಿಯಾಯಿತು. ನನಗೆ ನಿಯಮ ಸಿಕ್ಕರೆ ಸಾಕು, ಅದನ್ನು ಪಾಲಿಸುವುದು ಕಷ್ಟವಲ್ಲ. ಬಸ್ ನಿಲ್ದಾಣದ ಎದುರು ಸಂಜೆಯ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ನಿಂತಿತು. ನಾನು ಬರುವ ಹೊತ್ತಿಗೆ ಸರಿಯಾಗಿ ಮೆಣಸಿನಕಾಯಿ ಎಣ್ಣೆಗೆ ಬಿಡುತ್ತಿದ್ದ ಅಂಗಡಿಯವನು ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ; ಈಗ ಅವನ ಅಂಗಡಿಯೇ ಹೊತ್ತು ತಪ್ಪಿತಂತೆ. ಹನುಮಕ್ಕ ಶೇಂಗಾಎಣ್ಣೆಯ ಡಬ್ಬಿಯನ್ನು ಅಟ್ಟಕ್ಕೇರಿಸಿ ನಿಚ್ಚಣಿಕೆಯನ್ನು ಪಕ್ಕದ ಮನೆಗೆ ಕೊಟ್ಟಳು. ನಾನು ದಿನಾ ಬೆಳಿಗ್ಗೆ ಹೈವೇ ಕಡೆಗೆ ಬಿರುಸಾಗಿ ನಡೆದುಹೋಗಿ ಬರತೊಡಗಿದೆ. ನಡೆಯುವಾಗ ಒಳಗಿನ ಖಾಲಿ ಬಸ್ಸುಗಳಿಗೆ ಮನಸ್ಸಿನಲ್ಲೇ ಸೀಟಿ ಊದುತ್ತಿದ್ದೆ. ನನ್ನ ಬೆಳಗಿನ ಕಾರ್ಯಕ್ರಮಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಆ ಹೊತ್ತಿಗೆ ಹನುಮಕ್ಕ ಎದ್ದಿರುವುದಿಲ್ಲವಾದ್ದರಿಂದ ಅದು ಅವಳ ಸರಹದ್ದಿಗೆ ಬರುತ್ತಲೂ ಇರಲಿಲ್ಲ.

ಈ ನಡುವೆ ತಂಗಿ ಫೋನು ಮಾಡಿದಳು. ‘ದೊಡ್ಡಣ್ಣ, ನೀ ತಿನ್ನಂಗಿಲ್ಲಂತಲ್ಲೋ! ಹಂಗಾದ್ರ ಎಲಿ ಬೀರಣ್ಣಗ ಹಾಕ್ಲೇನು? ಆದ್ರ ನನಗ ಅದರದ ಚಿಂತಿ. ಅವ ಬರೋ ಹೊತ್ತಿಗೆ ಅಡಿಗಿ ತಣ್ಣಗಾಗಿ, ಬೀಗರು ಬಿಸಿಯಾಗಿರ್ತಾರ’ ಎಂದಳು. ‘ಇನ್ನೊಂದ್ ಪರೀಕ್ಷಾ ಐತವ್ವ, ತಡಿ. ನನ್ನ ಎಲಿ ಯಾರಿಗೂ ಹಾಕಬ್ಯಾಡ’ ಎಂದು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಅಂಗಲಾಚಿದೆ.

ಎರಡನೆಯ ಪರೀಕ್ಷೆಗೆ ಹನುಮಕ್ಕನೂ ಜೊತೆಗೆ ಬಂದಳು. ಬೀರಪ್ಪ ಸುದ್ದಿ ತಿಳಿಯಲೆಂದೇ ಬಂದಿದ್ದ. ಕುರಿಗಳಿಗೆ ಈಚೆಗೆ ಪದೇ ಪದೇ ಔಷಧಿ ಬೇಕಾಗುತ್ತಿತ್ತು. ರಕ್ತ ತಿರುಗಿಸಿ ಕೊಳವೆ ತಂದಿಟ್ಟರು. ನಾನು ಕಣ್ಣುಮುಚ್ಚಿ ತೆರೆದು ನೋಡಿದೆ. ಮಜ್ಜಿಗೆ ಹಾಗೇ ಇತ್ತು. ಸ್ವಲ್ಪ ಗಟ್ಟಿಯಾಗಿಯೇ ಇತ್ತೆನ್ನಬೇಕು.

ಡಾಕ್ಟರಮ್ಮನಿಗೆ ತಲೆ ಕೆಟ್ಟಿತು. ‘ಇಷ್ಟು ಪಥ್ಯ ಮಾಡಿ, ಇಷ್ಟು ನಡೆದು, ಖಾಲಿ ಹೊಟ್ಟಿಲೇ ಬಂದು ಹಿಂಗ್ಯಾಕ ಆಗ್ತೈತಿ? ಉಂಡು ರಾತ್ರಿ ಕಳೆದ್ರ ಕರುಳಿನ ಆ ದೊಡ್ಡ ಗಾಡಿಗಳೆಲ್ಲ ಡಿಪೋ ಸೇರಿರಬೇಕಲ್ರಿ? ರಸ್ತಾದಾಗ ಅವು ಇನ್ನೂ ಯಾಕ ಅಡ್ಡಾಡ್ಲಿಕ್ಕ ಹತ್ಯಾವ? ಸಾಹೇಬ್ರ, ಬೆಳಿಗ್ಗೆ ಎದ್ದ ಮ್ಯಾಲೆ ಏನೇನು ಮಾಡ್ತೀರಿ? ಒಂದೊಂದಾ ಹೇಳ್ರಿ ನೋಡೋಣು.’

ನನ್ನ ದಿನಚರಿಯನ್ನು ಯಾರಾದರೂ ಕೇಳಲೆಂದು ನಾನು ವರ್ಷಗಳಿಂದ ಕಾದಿದ್ದೆ. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಿಲ್ದಾಣದ ಧ್ವನಿವರ್ಧಕದಲ್ಲಿ ಪ್ರಕಟಣೆ ಮಾಡುವ ಠೀವಿಯಲ್ಲೇ ಶುರು ಮಾಡಿದೆ. ‘ಕೋಳಿ ಕೂಗೋ ಮೊದಲ ಏಳ್ತೀನ್ರಿ. ಸ್ನಾನ. ಹಣಿಗೆ ಭಂಡಾರ. ಗಡಿಯಾರಕ್ಕ ಕೀಲಿ. ಆಮ್ಯಾಲೆ ಒಂದ್ ಲೋಟ ಎಮ್ಮಿ ಹಾಲು, ಕೆನಿ ಸಮೇತ, ಅದರ ಮ್ಯಾಲ ಒಂದ್ ಸೌಟು ತುಪ್ಪ. ಆಮ್ಯಾಲೆ ಅಂಗಳದಾಗ ಕುರ್ಚಿ. ಪೇಪರ್…’

ಪೇಪರಿನವರೆಗೆ ಬಂದಾಗ ಕೋಣೆಯಲ್ಲಿ ಏನೋ ಆಗಿದೆಯೆಂದು ಗೊತ್ತಾಯಿತು. ಡಾಕ್ಟರಮ್ಮನ ಪೆನ್ನು ಗಾಳಿಯಲ್ಲಿ ನಿಂತಿತ್ತು. ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

‘ಇವತ್ತೂ ಕುಡುದ್ರ್ಯಾ?’ ಎಂದಳು.

‘ದಿನಾ ಕುಡೀತೀನಲ್ಲ!’

‘ರಕ್ತ ಕೊಡಾಕ ಬರೋ ಮೊದ್ಲು?’

‘ಅದರ ಟೈಮಿಗೆ ಅದನ್ನ ಕುಡದೀನಿ. ರಕ್ತದ ಟೈಮಿಗೆ ರಕ್ತ ಕೊಟ್ಟೀನಿ. ಅದ್ರಾಗ ತಪ್ಪೇನೈತಿ?’

ಬೀರಪ್ಪ ಕೂತಿದ್ದ ಬೆಂಚಿನಿಂದ ಕೆಳಗಿಳಿದು ನೆಲದ ಮೇಲೆ ಕೂತು ನಗತೊಡಗಿದ. ಡಾಕ್ಟರಮ್ಮ ಅಳುವ ದನಿಯಲ್ಲಿ ‘ಏನೂ ತಿಂದಿಲ್ಲ ಅಂದ್ರಲ್ರಿ, ಸಾಹೇಬ್ರ!’ ಎಂದರು. ‘ತಿಂದಿಲ್ರಿ’ ಎಂದೆ. ನನ್ನ ಮಟ್ಟಿಗೆ ಅದು ಸತ್ಯವಾಗಿತ್ತು. ಆ ಹಾಲು ಹಸಿವಿಗೆಂದು ಕುಡಿಯುವುದಲ್ಲ. ಹಾಸ್ಟೆಲಿನಿಂದ ರಜೆಗೆ ಬಂದಾಗ ಅವ್ವ ‘ಎದಿ ಗಟ್ಟಿ ಆಗ್ತೈತಿ’ ಎಂದು ಶುರು ಮಾಡಿಸಿದ್ದು, ಅಂದಿನಿಂದ ನಿಂತೇ ಇಲ್ಲ. ಮುಖ ತೊಳೆದೆನೆಂದು, ಗಡಿಯಾರಕ್ಕೆ ಕೀಲಿ ಕೊಟ್ಟೆನೆಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಅದೂ ಹಾಗೇ. ಅದು ಊಟದ ಲೆಕ್ಕಕ್ಕೆ ಸೇರಿದ್ದೇ ಅಲ್ಲ. ಆದರೆ ಕರುಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ನಾನು ಕೊಳವೆಗೆ ರಕ್ತ ಕೊಡುವ ಹೊತ್ತಿಗೆ ಸರಿಯಾಗಿ ಅದು ತುಪ್ಪ ತುಂಬಿದ ದೊಡ್ಡ ಗಾಡಿಗಳನ್ನು ಸಾಲಾಗಿ ಬಿಡುತ್ತಿತ್ತು. ಅದೂ ನನ್ನ ಕೈಕೆಳಗೆ ಪಳಗಿದ್ದಲ್ಲವೇ, ಒಂದು ದಿನವೂ ತಡಮಾಡಲಿಲ್ಲ. ಎದೆ ಗಟ್ಟಿಯಾಗಲೆಂದು ಅವ್ವ ಕೊಟ್ಟದ್ದು ಎದೆಯ ಚಿಂತೆ ಹಚ್ಚಿ ಡಾಕ್ಟರಮ್ಮನ ಮುಂದೆ ತಂದು ನಿಲ್ಲಿಸಿತ್ತು.

ಮರಿಯ ಊಟ ಹತ್ತಿರವಾಗಿತ್ತು. ‘ನಾಳೆ ಮತ್ತ ಬರ್ರಿ. ನೀರು ಬಿಟ್ಟು ಏನೂ ಮುಟ್ಟಬ್ಯಾಡ್ರಿ, ತಿನ್ನೋದಾಗ್ಲಿ, ಕುಡಿಯೋದಾಗ್ಲಿ, ನೆಕ್ಕೋದಾಗ್ಲಿ’ ಎಂದು ಡಾಕ್ಟರಮ್ಮ ಕಾಯಿದೆಯನ್ನು ಎಲ್ಲ ಕಡೆಯಿಂದಲೂ ಬಿಗಿದರು. ಮಾರನೆಯ ಬೆಳಿಗ್ಗೆಯ ನನ್ನ ಸಂಕಟ ಯಾರಿಗೂ ಬೇಡ. ಗಡಿಯಾರಕ್ಕೆ ಕೀಲಿ ಕೊಟ್ಟಾದ ಮೇಲೆ ಕೈ ತಾನಾಗಿಯೇ ಹಿತ್ತಾಳೆ ಲೋಟದತ್ತ ಹೋಯಿತು. ಹಿಂದಕ್ಕೆಳೆದುಕೊಂಡೆ. ಈಗ ಮುಂದಿನದೇನು? ಹಾಲು ಕುಡಿಯದೆ ಅಂಗಳಕ್ಕೆ ಹೋಗುವುದು ಕೊಟ್ಟೂರು ಮುಟ್ಟದೆ ಹರಪನಹಳ್ಳಿಗೆ ಹೋದಂತೆ. ಹೊಸ್ತಿಲಲ್ಲೇ ನಿಂತೆ. ಎಂದೂ ಇಲ್ಲದೆ ಬೇಗ ಎದ್ದು ನನ್ನನ್ನು ಕಾಯುತ್ತಿದ್ದ ಹನುಮಕ್ಕ ಹಿಂದಿನಿಂದ ‘ಮುಂದ ಹೋಗ್ರಿ, ಸಿಗ್ನಲ್ ಬಿಟ್ಟೈತಿ’ ಎಂದಳು.

ಆ ದಿನದ ತಿಳಿ ನಿಜವಾಗಿಯೂ ತಿಳಿಯಾಗಿತ್ತು. ಬೀರಪ್ಪನದರಷ್ಟು ಅಲ್ಲದಿದ್ದರೂ ಆಚೆ ಹಿಡಿದ ಬೆರಳು ಕಂಡಿತು. ಆದರೆ ನಾನು ಪೂರ್ತಿ ಖುಲಾಸೆಯಾಗಲಿಲ್ಲ. ಮಜ್ಜಿಗೆಯ ಆರೋಪ ಹೋಯಿತು, ಹೋಗುವ ಬಸ್ಸು ಹೆಚ್ಚು, ಬರುವ ಬಸ್ಸು ಕಡಿಮೆ ಎಂಬುದು ಉಳಿಯಿತು. ಡಾಕ್ಟರಮ್ಮ ಯೋಚಿಸಿ ತೀರ್ಪು ಕೊಟ್ಟರು. ‘ನಡಿಗಿ ಬಿಡಬ್ಯಾಡ್ರಿ. ಎಣ್ಣಿ ಹಿಡಿತದಾಗಿರ್ಲಿ. ತುಪ್ಪದ ಹಾಲು ಬಂದ್. ಊಟಕ್ಕ ಹೋಗ್ರಿ, ಪದ್ಧತಿ ತಪ್ಪಿಸೋದು ಬ್ಯಾಡ. ಒಂದ್ ತುತ್ತು.’

‘ತುತ್ತು ಅಂದ್ರ ಎಷ್ಟ್ರಿ?’ ಎಂದೆ. ನಿಯಮ ಸ್ಪಷ್ಟವಾಗಿರಬೇಕು. ಹನುಮಕ್ಕ ಹೆಬ್ಬೆರಳ ತುದಿ ತೋರಿಸಿದಳು. ನಾನು ಮುಷ್ಟಿ ತೋರಿಸಿದೆ. ಡಾಕ್ಟರಮ್ಮ ಹನುಮಕ್ಕನ ಹೆಬ್ಬೆರಳಿಗೆ ಮತ ಹಾಕಿದರು.

ಮರಿಯ ದಿನ ನಾವು ಮನೆ ಬಿಟ್ಟದ್ದು ಹೊತ್ತಿಗೆ ಸರಿಯಾಗಿ. ಆದರೆ ನಿಲ್ದಾಣದಲ್ಲಿ ಬಸ್ಸು ಹೊರಡಲಿಲ್ಲ. ಈಗಿನ ಕಂಟ್ರೋಲರ್ ಎಳೆಯ ಹುಡುಗ. ಸೀಟು ತುಂಬಲೆಂದು ಕಾಯಿಸುತ್ತಿದ್ದ. ನಾನು ಇಳಿದು ಹೋಗಿ ಖಾಲಿ ಬಸ್ಸಿನ ತತ್ವವನ್ನು, ಯಕೃತ್ತಿನ ಉದಾಹರಣೆ ಸಮೇತ, ಅವನಿಗೆ ವಿವರಿಸಿದೆ. ಅವನು ಭಯಭಕ್ತಿಯಿಂದ ಕೇಳಿಸಿಕೊಂಡು ‘ಕುಂದ್ರಿ ಸರ್, ಬಿಸಿಲು ಬಾಳ ಐತಿ’ ಎಂದ. ಹರಪನಹಳ್ಳಿ ಮುಟ್ಟಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ತೆಲಿಗಿಗೆ ಇಳಿದಾಗ ಊಟದ ಹೊತ್ತು ಮೀರಿ ಬಹಳವಾಗಿತ್ತು. ನಾನು ತಡವಾಗಿ ಬಂದಿದ್ದೆ! ಓಣಿಯಲ್ಲಿ ನಡೆಯುವಾಗ ನನಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಒಳಗೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಬೀರಪ್ಪ ಬೆಳಿಗ್ಗೆಯೇ ಬಂದು ಕೂತಿದ್ದಾನೆಂದು ತಂಗಿ ಫೋನಿನಲ್ಲಿ ಹೇಳಿದ್ದಳು.

ಅವನು ಕೂತಿದ್ದ. ಚಪ್ಪರದ ಕೆಳಗೆ ಸಾಲುಸಾಲಾಗಿ ಜನ, ಮುಂದೆ ಖಾಲಿ ಎಲೆಗಳು. ಎದುರಿಗೆ ಮೊದಲ ಎಲೆ ಬಡಿಸಿತ್ತು; ಕಲೇಜಿ, ನಲ್ಲಿ ಮೂಳೆ, ರೊಟ್ಟಿ. ಬೀರಪ್ಪ ಅದರ ಪಕ್ಕದಲ್ಲಿ ಕೂತು ಟವೆಲ್ಲಿನಿಂದ ನೊಣ ಓಡಿಸುತ್ತಿದ್ದ.

‘ಬಂದ್ಯಾ, ಮಾರಾಯ! ಬೀಗರು ನನ್ನ ಮುಖಾನ ತಿನ್ನೋರಿದ್ರು.’

‘ನೀ ತಿನ್ನಬೇಕಿತ್ತಲ್ಲೋ. ಎಲ್ಲಾರೂ ಹಸಕೊಂಡಾರ.’

‘ಎಲ್ಲಾರೂ ತಿನ್ನು ತಿನ್ನು ಅಂದ್ರು. ನೀ ದಾರಿಯಾಗ ಅದೀ ಅಂತ ಗೊತ್ತಿದ್ದೂ ನಾ ಹ್ಯಾಂಗ ಮುಟ್ಟಲಿ? ಕುಂದ್ರು, ಕುಂದ್ರು. ಬಲಗಾಲು ಮ್ಯಾಲ.’

ಕೂತೆ. ಬಲಗಾಲು ಮೇಲೆ. ಹನುಮಕ್ಕನ ಕಣ್ಣು ನನ್ನ ಬೆರಳುಗಳ ಮೇಲಿತ್ತು. ಕಲೇಜಿಯ ಒಂದು ಚೂರು, ಹೆಬ್ಬೆರಳ ತುದಿಯಷ್ಟೇ, ಬಾಯಿಗಿಟ್ಟೆ. ತಣ್ಣಗಾಗಿತ್ತು. ಆದರೂ ಹೇಳುತ್ತೇನೆ, ಅಷ್ಟು ರುಚಿಯ ತುತ್ತನ್ನು ನಾನು ಇದುವರೆಗೆ ತಿಂದಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಒಮ್ಮೆಗೇ ರೊಟ್ಟಿ ಮುರಿದ ಸದ್ದು ಕೇಳಿತು. ಉಳಿದದ್ದನ್ನು, ನಲ್ಲಿ ಮೂಳೆ ಸಮೇತ, ಬೀರಪ್ಪನ ಮುಂದೆ ಸರಿಸಿದೆ. ಅವನು ಮೂಳೆಯನ್ನು ಎಲೆಗೆ ಕುಟ್ಟಿ ಕುಟ್ಟಿ, ಹೀ‍ರಿ, ನನ್ನ ಮುಖವನ್ನೇ ನೋಡುತ್ತ ತಿಂದ. ಗೌರವ ಬೇರೆ, ಕೀಟಲೆ ಬೇರೆ.

ಒಂದು ತುತ್ತು ತಿಂದವನಿಗೆ ಮುಂದೆ ಕೆಲಸವಿರುವುದಿಲ್ಲ. ಪ್ರತಿ ವರ್ಷ ನಾನು ಗಡದ್ದಾಗಿ ಉಂಡು ಕಟ್ಟೆಯ ಮೇಲೆ ಗೋಡೆಗೊರಗಿ ಕೂರುತ್ತಿದ್ದೆ. ಈ ಸಲ ಕೈ ಕಾಲು ಸುಮ್ಮನಿರಲಿಲ್ಲ. ಎರಡನೆಯ ಪಂಕ್ತಿ ಕೂರಬೇಕೆಂದರೆ ಮೊದಲ ಪಂಕ್ತಿಯ ಎಲೆಗಳು ಏಳಬೇಕಲ್ಲ. ಎತ್ತುವವರು ಯಾರೂ ಕಾಣಲಿಲ್ಲ. ಬಡಿಸುವವರು ಮಾತ್ರ ಬುಟ್ಟಿ ಬುಟ್ಟಿ ಹೊತ್ತು ಒಂದೇ ಸಮನೆ ಬರುತ್ತಿದ್ದರು. ಬೇಡವೆಂದವರ ಎಲೆಗೂ ಬೀಳುತ್ತಿತ್ತು, ದಾರಿಯೆಲ್ಲ ಪಾತ್ರೆಗಳಿಂದ ಕಟ್ಟಿಹೋಗಿತ್ತು. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಪಂಚೆ ಮೇಲೆ ಕಟ್ಟಿದೆ. ಖಾಲಿ ಬುಟ್ಟಿ ಹಿಡಿದು ಸಾಲಿನ ಒಂದು ತುದಿಯಿಂದ ಹೊರಟೆ. ಎಂಜಲೆಲೆ, ಹೆಚ್ಚಾದ ರೊಟ್ಟಿ, ಮುಟ್ಟದ ಅನ್ನ ಎಲ್ಲವನ್ನೂ ಬೇರೆ ಬೇರೆಯಾಗಿ ಎತ್ತಿಕೊಂಡು ಹಿತ್ತಲಿಗೆ ಮುಟ್ಟಿಸಿ ಮತ್ತೆ ಖಾಲಿ ಬುಟ್ಟಿಯೊಂದಿಗೆ ಬಂದೆ. ದಾರಿ ತೆರವಾಯಿತು. ಎರಡನೆಯ ಪಂಕ್ತಿ ಹೊತ್ತಿಗೆ ಕೂತಿತು.

ದುರುಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. ‘ಅಯ್ಯ, ದೊಡ್ಡಣ್ಣ! ಇಷ್ಟು ವರ್ಷ ಬರೇ ತಿಂದು ಹೋಗ್ತಿದ್ದಿ. ನಮ್ಮನಿಗೆ ನೀ ಉಪಯೋಗಕ್ಕ ಬಂದದ್ದು ಇದ ಮೊದ್ಲು ನೋಡು.’

‘ಇವತ್ತು ನಾ ಎಚ್‌ಡಿಎಲ್ ಅವ್ವ’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಯಾವುದೋ ಹೊಸ ಇಲಾಖೆಯಿರಬೇಕೆಂದುಕೊಂಡು ತಲೆಯಾಡಿಸಿದಳು.

ಮರುದಿನ ಕೂಡ್ಲಿಗಿಯ ಮನೆಯಲ್ಲಿ ಎಂದಿನಂತೆ ಎದ್ದೆ. ಸ್ನಾನ, ಭಂಡಾರ, ಗಡಿಯಾರಕ್ಕೆ ಕೀಲಿ. ಮೈಯೆಲ್ಲ ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಅಡುಗೆಮನೆಯಲ್ಲಿ ಹಿತ್ತಾಳೆ ಲೋಟ ತೊಳೆದು ಬೋರಲು ಹಾಕಿತ್ತು. ನಿಚ್ಚಣಿಕೆಯನ್ನು ಒಂದು ಗಳಿಗೆ ವಾಪಸ್ ತರಿಸಿ ಹನುಮಕ್ಕ ತುಪ್ಪದ ಗಿಂಡಿಗೂ ಅಟ್ಟದ ದಾರಿ ತೋರಿಸಿದ್ದಳು. ಲೋಟವನ್ನು ನೆಟ್ಟಗೆ ಮಾಡಿ, ಏನೂ ಹಾಕದೆ, ಅದರ ಹೊತ್ತಿಗೆ ಸರಿಯಾಗಿ ಬಾಯಿಗೆ ಹಿಡಿದು ಇಳಿಸಿದೆ.

‘ಅದ್ರಾಗ ಏನೂ ಇಲ್ಲಲ್ರೀ!’ ಎಂದು ತೆರೆದ ಬಾಗಿಲಿನಾಚೆ ಹಾಸಿಗೆಯಲ್ಲೇ ಒಂದು ಕಣ್ಣು ತೆರೆದು ಹನುಮಕ್ಕ ಕೂಗಿದಳು. ಅವಳಿಗೇನು ಗೊತ್ತು? ಖಾಲಿಯೆಂದು ಬಸ್ಸು ನಿಲ್ಲಿಸಿದವನು ನಾನಲ್ಲ.